ಬಂಗಾರಪೇಟೆಯ ಚಳಿಗೆ ಹೆಪ್ಪುಗಟ್ಟದ ಎಣ್ಣೆ

ಬಂಗಾರಪೇಟೆಯಲ್ಲಿ ಹಿಮ ಬಿದ್ದದ್ದನ್ನು ಕಂಡವರು ಯಾರೂ ಇಲ್ಲ. ಆದರೂ ಚಳಿಗೆ ಇಂಜಿನ್ ಎಣ್ಣೆ ಗಟ್ಟಿಯಾದ ಕಥೆ ಹೇಳಿ ಎಂದರೆ ಮನೆಗೊಬ್ಬರು ಸಿಗುತ್ತಾರೆ. ಒಂದು ಹಳೇ ಬಸ್ಸು, ಅದಕ್ಕೊಬ್ಬ ಮಾಲೀಕ, ಬೆಳಿಗ್ಗೆ ಒಂದಿಷ್ಟು ಮಂಜು, ಇಷ್ಟಿದ್ದರೆ ಸಾಕು, ಇಂಥವು ನಡೆಯುತ್ತಲೇ ಇರುತ್ತವೆ. ನಾವು ನಗಬಾರದು ಎಂದುಕೊಂಡರೂ ಅವು ಬಿಡುವುದಿಲ್ಲ.

ನಾನು ಆಗ ಬಂಗಾರಪೇಟೆ ಸ್ಟೇಷನ್ನಿನಿಂದ ರಾಬರ್ಟ್‌ಸನ್‌ಪೇಟೆ ಮಾರ್ಗವಾಗಿ ಆಂಡರ್ಸನ್‌ಪೇಟೆಗೆ ಹೋಗುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ಟಿಕೆಟ್ ಹರಿಯುವುದು ನನ್ನ ಕೆಲಸ ಅಂತ ಹೆಸರಿಗೆ. ಚಳಿಗಾಲದಲ್ಲಿ ಮಾತ್ರ ಬಸ್ಸು ತಳ್ಳಲು ಜನ ಕೂಡಿಸುವುದೇ ಮುಖ್ಯ ಕೆಲಸ.

ಹರಳೆಣ್ಣೆ ಕುಡಿದ ಬಸ್ಸು

ನಮ್ಮ ಯಜಮಾನರದು ಮೂಲದಲ್ಲಿ ಎಣ್ಣೆ ಗಾಣ. ಕಡಲೆಕಾಯಿ, ಎಳ್ಳು, ಹರಳು, ಹೊಂಗೆ, ಏನು ಕೊಟ್ಟರೂ ಹಿಂಡಿ ಎಣ್ಣೆ ತೆಗೆಯುತ್ತಿದ್ದರು. ಕೆಲಸಗಾರರನ್ನು ಕೊಟ್ಟರೂ ಅಷ್ಟೇ. ಗಾಣದಲ್ಲಿ ಲಾಭ ಬಂತು, ಬಸ್ಸು ಕೊಂಡರು. ಕೊಂಡ ಮೇಲೆ ಅದಕ್ಕೆ ಪೇಟೆಯಿಂದ ಬೇರೆ ಎಣ್ಣೆ ತರಬೇಕು ಎಂದು ಗೊತ್ತಾದಾಗ ಅವರಿಗಾದ ಸಂಕಟ ನೋಡಲಾಗುತ್ತಿರಲಿಲ್ಲ.

"ಮನೇಲಿ ಪೀಪಾಯಿಗಟ್ಲೆ ಎಣ್ಣೆ ಮಡಿಕ್ಕೊಂಡು ನಾನು ಅಂಗಡೀಲಿ ಎಣ್ಣೆ ಕೊಂಡ್ರೆ ಊರ್ನೋರು ನಗಾಕಿಲ್ವೇನ್ಲಾ?" ಎಂದರು.

ಯಾರೋ ಪುಣ್ಯಾತ್ಮ ಅವರ ಕಿವಿಯಲ್ಲಿ, ಪರದೇಶದಲ್ಲಿ ಪಂದ್ಯದ ಕಾರುಗಳಿಗೆ ಹರಳೆಣ್ಣೆ ಹಾಕುತ್ತಾರಂತೆ ಎಂದು ಊದಿದ. ಸಂಗತಿ ಸುಳ್ಳಲ್ಲವಂತೆ. ಆದರೆ ನಮ್ಮ ಬಸ್ಸು ಯಾವ ಪಂದ್ಯಕ್ಕೂ ಹೋಗುವಂಥದ್ದಾಗಿರಲಿಲ್ಲ. ಎತ್ತಿನ ಗಾಡಿಯವರು ಕೂಡ ನಮ್ಮ ಹಿಂದೆ ಬಂದರೆ "ಸ್ವಲ್ಪ ಪಕ್ಕಕ್ಕೆ ಸರೀರಣ್ಣಾ" ಅನ್ನುತ್ತಿದ್ದರು.

ಮಾರ್ಗಶಿರದ ಚಳಿ. ಮೊದಲ ಟ್ರಿಪ್ಪಿನಲ್ಲಿ ಬರುವವರೆಲ್ಲ ಚಿನ್ನದ ಗಣಿಯ ಶಿಫ್ಟಿನವರು. ಗೇಟು ಮುಚ್ಚಿದರೆ ಆ ದಿನದ ಕೂಲಿ ಹೋಯಿತು. ಬಸ್ಸಿನಲ್ಲಿ ಕೂತು ಬೀಡಿ ಹಚ್ಚಿದ್ದಾರೆ. ಡ್ರೈವರು ಮುಂದೆ ಹ್ಯಾಂಡಲ್ ತೂರಿಸಿ ತಿರುಗಿಸುತ್ತಾನೆ, ಅದು ಅಲ್ಲಾಡುವುದಿಲ್ಲ. ಒಳಗಿನ ಹರಳೆಣ್ಣೆ ಜೋನಿಬೆಲ್ಲದ ಹಾಗೆ ಕೂತುಬಿಟ್ಟಿದೆ. ನಾನು ಕೈ ಹಾಕಿದೆ. ಸ್ಟೇಷನ್ನಿನ ಕೂಲಿಯವರಿಬ್ಬರು ಕೈ ಹಾಕಿದರು. ಶಿಫ್ಟು ಹೋಯಿತೆಂದು ಒಳಗಿನಿಂದ ತಮಿಳಿನಲ್ಲಿ ಕೂಗು: "ಕಂಡಕ್ಟರ್, ಶಿಫ್ಟು ಪೋಚ್ಚಯ್ಯಾ!"

ಯಜಮಾನರು ಕಂಬಳಿ ಹೊದ್ದು ಬಂದರು. ನೋಡಿದರು. ಯೋಚನೆ ಮಾಡಿದರು. "ಹ್ಯಾಂಡಲ್ಗೂ ಒಸಿ ಹರಳೆಣ್ಣೆ ಬಿಡ್ರಲಾ, ಸಲೀಸಾಗಿ ತಿರುಗ್ತದೆ" ಎಂದರು. ಬಿಟ್ಟೆವು. ಆಮೇಲೆ ಹ್ಯಾಂಡಲನ್ನು ಹಿಡಿಯುವುದಕ್ಕೂ ಆಗಲಿಲ್ಲ.

ಕೊನೆಗೆ ಶಿಫ್ಟಿನವರೇ ಇಳಿದು, ಇಳಿಜಾರಿನವರೆಗೆ ತಳ್ಳಿದ ಮೇಲೆ ಬಸ್ಸು ಕೆಮ್ಮಿ ಎದ್ದಿತು. ಎದ್ದದ್ದೇ ತಡ ಹಿಂದುಗಡೆಯಿಂದ ಹೊಗೆ. ಆ ವಾಸನೆ! ಹೊಟ್ಟೆ ತೊಳೆಯಲೆಂದು ಭಾನುವಾರ ಬೆಳಿಗ್ಗೆ ಮೂಗು ಹಿಡಿದು ಹರಳೆಣ್ಣೆ ಕುಡಿಸಿಕೊಂಡು ಬೆಳೆದವರು ನಾವೆಲ್ಲ. ಆ ವಾಸನೆಗೆ ದೊಡ್ಡ ದೊಡ್ಡ ಗಣಿ ಕೆಲಸಗಾರರ ಮುಖವೂ ಸಣ್ಣದಾಯಿತು. ದಾರಿಯಲ್ಲಿ ಸೊಪ್ಪಿನ ಮೂಟೆ ಹೊತ್ತ ಒಬ್ಬ ಮುದುಕಿ ಕೈ ಅಡ್ಡ ಹಾಕಿದಳು. ಬಸ್ಸು ನಿಂತಿತು. ಮೂಗು ಅರಳಿಸಿ ಒಮ್ಮೆ ಉಸಿರು ಎಳೆದಳು, ಮೂಟೆ ಎತ್ತಿಕೊಂಡು ಸರಸರ ಮುಂದಿನ ಬಾಗಿಲಿಗೆ ಓಡಿದಳು.

"ಯಾಕಜ್ಜೀ, ಹಿಂದಿನ ಬಾಗಿಲಲ್ಲೇ ಹತ್ತಬಹುದಲ್ಲಾ?" ಎಂದೆ.

"ಅರಳೆಣ್ಣೆ ಕುಡಿಸಿದ್ದೀರಲ್ಲಪ್ಪಾ ಇದಕ್ಕೆ, ಇನ್ನೊಂದ್ ಗಳಿಗೆ ಹಿಂದ್ಗಡೆ ಯಾರಾದ್ರೂ ನಿಂತ್ಕೊತಾರಾ?"

ಲಡಾಖಿನಿಂದ ಬಂದ ಡ್ರೈವರು

ಹ್ಯಾಂಡಲ್ ಹೊಡೆದು ತೋಳು ಬಿದ್ದುಹೋಯಿತು ಎಂದು ಹಳೇ ಡ್ರೈವರು ಕೆಲಸ ಬಿಟ್ಟ. ಅವನ ಜಾಗಕ್ಕೆ ಬಂದವನು ಮಿಲಿಟರಿಯಿಂದ ಬಿಡುಗಡೆಯಾದವನು, ಲಡಾಖಿನಲ್ಲಿ ಲಾರಿ ಓಡಿಸಿದವನು. ಎಲ್ಲರೂ ಮಿಲಿಟ್ರಿ ಅಣ್ಣ ಎಂದೇ ಕರೆದೆವು. ಮೀಸೆ ನೋಡಿದರೆ ಚಳಿ ತಾನೇ ಹೆದರಿ ಓಡಬೇಕು.

"ಚಳಿ ಅಂದ್ರೆ ಇದಾ?" ಎನ್ನುತ್ತಿದ್ದ. "ಅಲ್ಲಿ ಇಂಜಿನ್ ಎಣ್ಣೆ ಉಂಡೆ ಕಟ್ಟುತ್ತೆ. ಡಬ್ಬಿ ಬೋರಲು ಹಾಕಿದ್ರೂ ಬೀಳಲ್ಲ. ಚಮಚದಲ್ಲಿ ತೆಗೀಬೇಕು, ತುಪ್ಪ ತೆಗೆದ ಹಾಗೆ. ಉಗುಳಿದ್ರೆ ನೆಲ ಮುಟ್ಟೋ ಹೊತ್ತಿಗೆ ಗೋಲಿ ಆಗಿರುತ್ತೆ."

ಇಷ್ಟು ಹೇಳುವಾಗ ಅವನ ಮೈಮೇಲೆ ಎರಡು ಸ್ವೆಟರು, ಕುತ್ತಿಗೆಗೆ ಮಫ್ಲರು, ತಲೆಗೆ ಕೋತಿ ಟೊಪ್ಪಿಗೆ, ಹಲ್ಲು ಕಟಕಟ. ನಾನು ಕೇಳಿಯೇಬಿಟ್ಟೆ: "ಅಲ್ಲಣ್ಣಾ, ಅಂಥ ಚಳೀಲಿ ಇದ್ದು ಬಂದೋನು ಇಲ್ಲಿ ಯಾಕೆ ನಡುಗ್ತೀಯ?"

"ಅಲ್ಲಿಯದು ನಿಯತ್ತಿನ ಚಳಿ ಕಣಯ್ಯಾ, ಎದುರಿಗೆ ಬರುತ್ತೆ. ನಿಮ್ಮ ಬಂಗಾರಪೇಟೇದು ಕಳ್ಳ ಚಳಿ, ಹಿಂದಿನಿಂದ ಬರುತ್ತೆ."

ಅವನ ಬಳಿ ಒಂದು ಮಿಲಿಟರಿ ವಿದ್ಯೆ ಇತ್ತು. ಬಾಂಡ್ಲಿಯಲ್ಲಿ ಇದ್ದಿಲು ಕೆಂಡ ಮಾಡಿ, ಇಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬುವ ತೊಟ್ಟಿಯ ಕೆಳಗೆ ಇಡುವುದು. ಎಣ್ಣೆ ಕಾದು ತೆಳುವಾಗಿ, ಒಂದೇ ಸುತ್ತಿಗೆ ಬಸ್ಸು ಏಳುತ್ತದೆ ಎಂದ. ಇಟ್ಟ. ನಿಜವಾಗಿಯೂ ಕಾಯತೊಡಗಿತು.

ಕೆಂಡ ಕಂಡದ್ದೇ ಬಸ್ಸಿನಲ್ಲಿದ್ದ ಜನವೆಲ್ಲ ಇಳಿದು ಬಂದು ಬಾನೆಟ್ಟಿನ ಸುತ್ತ ಕುಕ್ಕರುಗಾಲಲ್ಲಿ ಕೂತರು. ಒಬ್ಬ ಕೈ ಚಾಚಿದ, ಒಬ್ಬ ಕಾಲು ಚಾಚಿದ. ಸಂತೆಗೆ ಗೆಣಸು ಒಯ್ಯುತ್ತಿದ್ದವನು ಎರಡು ಗೆಣಸು ಕೆಂಡಕ್ಕೆ ಹಾಕಿದ. ಮಿಲಿಟ್ರಿ ಅಣ್ಣ "ಸಾಕು, ಎಣ್ಣೆ ಕಾದಿದೆ, ಹತ್ತಿ" ಎಂದರೆ, "ಇರಣ್ಣಾ, ಗೆಣಸು ಇನ್ನೂ ಬೆಂದಿಲ್ಲ" ಅನ್ನುತ್ತಾರೆ. ಬೈದರೂ ಏಳಲಿಲ್ಲ. ಗೆಣಸು ಬೆಂದಿತು, ಹಂಚಿದರು, ಅವನಿಗೂ ಒಂದು ತುಂಡು ಕೊಟ್ಟರು, ಅವನೂ ಕೂತ. ಯಜಮಾನರು ಬಂದು ಕೂಗಾಡಿದ ಮೇಲೆಯೇ ಬಸ್ಸು ಹೊರಟಿದ್ದು.

ಮಾರನೆಯ ದಿನ ಬೆಳಿಗ್ಗೆ ಬಸ್ಸಿನ ಹತ್ತಿರ ಹಿಂದೆಂದೂ ಕಾಣದಷ್ಟು ಜನ. ಯಜಮಾನರ ಮುಖ ಅರಳಿತು. ನಾನು ಟಿಕೆಟ್ ಪುಸ್ತಕ ತೆಗೆದು ಮುಂದೆ ನಿಂತವನಿಗೆ "ಎಲ್ಲಿಗಪ್ಪಾ?" ಎಂದೆ.

"ಎಲ್ಲಿಗೂ ಇಲ್ಲ. ಕೆಂಡ ಯಾವಾಗ ಇಡ್ತೀರ?"

ಎಣ್ಣೆ ನಿಂತಲ್ಲಿಗೆ ಒಂದು ಟಿಕೆಟ್

ಆಂಡರ್ಸನ್‌ಪೇಟೆಯಲ್ಲಿ ಒಬ್ಬ ಮರದ ಕಂಟ್ರಾಕ್ಟರ್ ಇದ್ದರು. ಅವರ ಬಳಿ ಇಂಗ್ಲೆಂಡಿನ ಹಳೇ ಕಾರು, ಕಾರಿನ ಜೊತೆ ಬಂದ ಒಂದು ಇಂಗ್ಲಿಷ್ ಪುಸ್ತಕ. ಕಾರಿಗಿಂತ ಪುಸ್ತಕದ ಮೇಲೆ ಅವರಿಗೆ ನಂಬಿಕೆ ಜಾಸ್ತಿ. ಅದರಲ್ಲಿ ಡಿಸೆಂಬರ್ ಬಂದ ಕೂಡಲೇ ದಪ್ಪ ಎಣ್ಣೆ ತೆಗೆದು ಚಳಿಗಾಲದ ತೆಳು ಎಣ್ಣೆ ಹಾಕಬೇಕು ಎಂದು ಬರೆದಿತ್ತು. ಬರೆದವನು ಹಿಮ ಬೀಳುವ ಊರಿನವನು. ಓದಿದವರು ಮಧ್ಯಾಹ್ನ ಬನಿಯನ್ ಕೂಡ ಬಿಚ್ಚಿ ಕೂರುವ ಊರಿನವರು. ಆದರೂ ಡಿಸೆಂಬರ್ ಎಂದರೆ ಡಿಸೆಂಬರ್.

"ಸಾರ್, ಹಳೇ ಇಂಜಿನ್ನು, ತೆಳು ಎಣ್ಣೆ ಸೋರುತ್ತೆ" ಎಂದು ಮೆಕ್ಯಾನಿಕ್ ಹೇಳಿದನಂತೆ. "ನೀನು ಪುಸ್ತಕ ಓದಿದೀಯಾ?" ಎಂದು ಇವರು ಕೇಳಿದರಂತೆ. ಮಾತು ಅಲ್ಲಿಗೆ ಮುಗಿಯಿತು.

ಸೋರಿತು. ಕಾರು ಹೋದಲ್ಲೆಲ್ಲ ರಸ್ತೆಯ ಮಣ್ಣಿನ ಮೇಲೆ ಕಪ್ಪು ಚುಕ್ಕೆಗಳ ಸಾಲು, ರಂಗೋಲಿಗೆ ಇಟ್ಟ ಹಾಗೆ.

ಒಂದು ಬೆಳಿಗ್ಗೆ ಆಂಡರ್ಸನ್‌ಪೇಟೆಯಲ್ಲಿ ಕಂಟ್ರಾಕ್ಟರರ ಹೆಂಡತಿ ನಮ್ಮ ಬಸ್ಸು ಹತ್ತಿದರು. ದೊಡ್ಡ ಮನೆಯ ಹೆಂಗಸು, ಬಸ್ಸಿಗೆ ಬಂದವರೇ ಅಲ್ಲ. ನಾನು ಸೀಟು ಬಿಡಿಸಿಕೊಟ್ಟು, "ಎಲ್ಲಿಗಮ್ಮಾ?" ಎಂದೆ.

"ಆ ಎಣ್ಣೆ ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಒಂದು ಟಿಕೆಟ್ ಕೊಡಿ" ಎಂದರು, ಕಿಟಕಿಯ ಹೊರಗೆ ಬೆರಳು ತೋರಿಸಿ. "ಮರದ ವ್ಯಾಗನ್ ಬಂದಿದೆ, ಬಂಗಾರಪೇಟೆ ಸ್ಟೇಷನ್ನಿಗೆ ಹೋಗ್ತೀನಿ ಅಂತ ದಿನಾ ಹೇಳಿ ಹೋಗ್ತಾರೆ. ಯಾವ ವ್ಯಾಗನ್ನೋ ನಾನೂ ನೋಡಬೇಕು."

ಇಷ್ಟು ಕಿವಿಗೆ ಬಿದ್ದದ್ದೇ ಬಸ್ಸಿನ ಅಷ್ಟೂ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಸೀದಾ ಓಗ್ಯದೆ, ಸೀದಾ ಓಗ್ಯದೆ" ಎಂದ ಒಬ್ಬ. "ಇಲ್ಲಿ ನಿಂತವ್ರೆ, ದೊಡ್ಡ ಮಡು ಆಗ್ಯದೆ, ಬೀಡಾ ತಗೊಂಡಿರ್ತಾರೆ" ಎಂದ ಇನ್ನೊಬ್ಬ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹತ್ತಿರ ನಮ್ಮ ದಾರಿ ಸೀದಾ. ಚುಕ್ಕೆಗಳು ಎಡಗಡೆಯ ಸಣ್ಣ ರಸ್ತೆಗೆ ತಿರುಗಿದವು. ಮಿಲಿಟ್ರಿ ಅಣ್ಣ ನನ್ನ ಮುಖ ನೋಡಿದ. ನಾನು ಪ್ಯಾಸೆಂಜರುಗಳ ಮುಖ ನೋಡಿದೆ. "ತಿರುಗಿಸ್ರಣ್ಣಾ!" ಎಂದು ಇಡೀ ಬಸ್ಸು ಒಂದೇ ದನಿಯಲ್ಲಿ ಕೂಗಿತು. ಆಸ್ಪತ್ರೆಗೆ ಹೊರಟಿದ್ದ ರೋಗಿಯೊಬ್ಬನಿದ್ದ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಅವನೇ.

ಚುಕ್ಕೆಗಳು ಒಂದು ಹೆಂಚಿನ ಮನೆಯ ಮುಂದೆ ನಿಂತವು. ಕಾರೂ ಅಲ್ಲೇ ಇತ್ತು. ಅದು ಇಸ್ಪೀಟಿನ ಅಡ್ಡೆ ಅನ್ನುವುದು ಪೇಟೆಗೆಲ್ಲ ಗೊತ್ತು. ಬಸ್ಸಿನ ಸದ್ದಿಗೆ ಕಂಟ್ರಾಕ್ಟರು ಕೈಯಲ್ಲಿ ಎಲೆಗಳನ್ನು ಹಿಡಿದೇ ಹೊರಗೆ ಬಂದರು. ಬಸ್ಸಿನ ಬಾಗಿಲಲ್ಲಿ ಹೆಂಡತಿ ಇನ್ನೂ ಕಾಣಿಸಿರಲಿಲ್ಲ, ನಾನು ಕಾಣಿಸಿದೆ.

"ಏನ್ರೀ ಕಂಡಕ್ಟರ್, ಇಲ್ಲಿ ಸ್ಟಾಪ್ ಇಲ್ವಲ್ಲಾ?" ಎಂದು ಗದರಿದರು.

ಆ ತಾಯಿ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿಯುತ್ತ ಹೇಳಿದರು: "ಇವತ್ತಿನಿಂದ ಇದೆ."

ಐಸ್ ಕ್ಯಾಂಡಿ ಅಂಗಡಿಯಲ್ಲಿ ಪ್ರಯೋಗ

ಒಂದು ಜನವರಿಯಲ್ಲಿ ಮದರಾಸಿನಿಂದ ಎಣ್ಣೆ ಏಜೆಂಟ್ ಒಬ್ಬರು ಬಂದರು. ಕೋಟು, ಟೈ, ಚರ್ಮದ ಪೆಟ್ಟಿಗೆ. ಬಸ್ಸು ಲಾರಿ ಇದ್ದವರನ್ನೆಲ್ಲ ರಾಬರ್ಟ್‌ಸನ್‌ಪೇಟೆಯ ಐಸ್ ಕ್ಯಾಂಡಿ ಅಂಗಡಿಯ ಮುಂದೆ ಸೇರಿಸಿದರು. ಬಿಟ್ಟಿ ತಮಾಷೆ ಎಂದು ಪೇಟೆಯೂ ಸೇರಿತು.

ಏಜೆಂಟರು ಎರಡು ಸೀಸೆ ಎತ್ತಿ ತೋರಿಸಿದರು. "ಇದು ನೀವು ಹಾಕೋ ಎಣ್ಣೆ, ನೆಲದಿಂದ ತೆಗೆದದ್ದು. ಇದ್ರಲ್ಲಿ ಮೇಣ ಇರುತ್ತೆ. ಚಳಿಗೆ ಮೇಣ ಹೆಪ್ಪುಗಟ್ಟುತ್ತೆ. ಇದು ನಮ್ಮ ಹೊಸ ಎಣ್ಣೆ. ಕಾರ್ಖಾನೇಲಿ ರಸಾಯನ ಸೇರಿಸಿ ಮಾಡಿದ್ದು, ಮೇಣಾನೇ ಇಲ್ಲ. ವಿಮಾನಕ್ಕೆ ಹಾಕ್ತಾರೆ."

ಎರಡನ್ನೂ ಉಪ್ಪು ಬೆರೆಸಿದ ಐಸಿನಲ್ಲಿ ಹೂತರು. ಜನ ಆ ಹೊತ್ತಿಗೆ ಒಂದೊಂದು ಐಸ್ ಕ್ಯಾಂಡಿ ತಿಂದರು, ಜನವರಿಯ ಚಳಿಯಲ್ಲಿ ನಡುಗುತ್ತ. ಆಮೇಲೆ ಸೀಸೆ ತೆಗೆದು ಬೋರಲು ಹಾಕಿದರು. ನಮ್ಮ ಎಣ್ಣೆ ಮೂತಿಯಲ್ಲೇ ತೂಗಿ ನಿಂತಿತು. ಅವರದು ಸೊರ್ ಎಂದು ನೀರಿನ ಹಾಗೆ ಇಳಿಯಿತು. ಚಪ್ಪಾಳೆ ಬಿತ್ತು. ಸುಳ್ಳು ಹೇಳಬಾರದು, ನಾನೂ ತಟ್ಟಿದೆ.

"ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ ಹೋದ್ರೂ ನಿಮ್ಮ ಬಸ್ಸು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ!" ಎಂದರು ಏಜೆಂಟರು.

ನಮ್ಮ ಯಜಮಾನರು ಎದ್ದರು. "ಅಷ್ಟ್ ಚಳೀಲಿ ಪ್ಯಾಸೆಂಜರ್ ಬದುಕಿರ್ತಾರಾ ಸಾಮಿ?"

"ಅದು ಎಣ್ಣೆ ಕಂಪನಿಗೆ ಸಂಬಂಧಪಟ್ಟ ವಿಷಯ ಅಲ್ಲ."

"ಬಸ್ಸು ಎದ್ದು ನಿಂತ್ಕಂಡು ಯಾರ ತಾವ ದುಡ್ಡು ಇಸ್ಕೊಂತದೆ ಮತ್ತೆ?"

ಹಿಂದಿನಿಂದ ನಂದಿದುರ್ಗ ಗಣಿಯ ಲೈನುಮನೆಯಲ್ಲಿರುವ ಕೆಲಸಗಾರನೊಬ್ಬ ಕೈ ಎತ್ತಿದ. ಆಗತಾನೇ ಶಿಫ್ಟು ಮುಗಿಸಿ ಬಂದವನು, ಅಂಗಿ ಇನ್ನೂ ಬೆವರಿಗೆ ಅಂಟಿತ್ತು. "ಸಾರ್, ಕೆಳಗಡೆ ಬಂಡೆ ಕಾದು ನಾವೇ ಕರಗಿ ಹೋಗ್ತೀವಿ. ಚಳಿಗೆ ಇಂಜಿನ್ ಗಟ್ಟಿ ಆಗದ ಹಾಗೆ ಎಣ್ಣೆ ಕಂಡುಹಿಡಿದಿದ್ದೀರಿ, ಸಂತೋಷ. ಸೆಕೆಗೆ ಮನುಷ್ಯ ಕರಗದ ಹಾಗೆ ಏನಾದ್ರೂ ಇದೆಯಾ?"

"ಅದಕ್ಕೆ ಇನ್ನೂ ಆರ್ಡರ್ ಬಂದಿಲ್ಲ" ಎಂದರು ಏಜೆಂಟರು, ನಗದೆ.

ಪ್ರಯೋಗ ಮುಗಿಯಿತು. ಎಲ್ಲರಿಗೂ ಕೈ ಮುಗಿದು ತಮ್ಮ ಕಾರಿನಲ್ಲಿ ಕೂತರು. ಕಾರು ಗುರ್ ಎಂದಿತು, ಸುಮ್ಮನಾಯಿತು. ಮತ್ತೆ ಗುರ್, ಮತ್ತೆ ಸುಮ್ಮನೆ. ಇಳಿದು ಬಾನೆಟ್ ಎತ್ತಿ ನೋಡಿ, ಕೈ ಉಜ್ಜಿಕೊಂಡು, "ಬೆಳಗಿನ ಚಳಿ ನೋಡಿ, ಎಣ್ಣೆ ದಪ್ಪ ಆಗಿದೆ. ಸ್ವಲ್ಪ ತಳ್ಳಿ" ಎಂದರು.

ತಳ್ಳುತ್ತಲೇ ಯಜಮಾನರು ಕೇಳಿದರು: "ಯಾಕ್ ಸಾಮಿ, ತಮ್ಮ ಕಾರ್ಗೆ ಆ ಹೊಸ ಎಣ್ಣೆ ಹಾಕಿಲ್ವಾ?"

ಏಜೆಂಟರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಹುಚ್ಚನನ್ನು ನೋಡಿದ ಹಾಗೆ ನೋಡಿದರು. "ಅಷ್ಟು ದುಬಾರಿ ಎಣ್ಣೆ ಯಾರಾದ್ರೂ ಕಾರಿಗೆ ಹಾಕ್ತಾರೇನ್ರೀ?"

ಅಳಿಯನ ಎಣ್ಣೆಸ್ನಾನ

ಆ ಏಜೆಂಟರು ಹೋಗುವಾಗ ಕಾರು ತಳ್ಳಿದ ಉಪಕಾರಕ್ಕೆಂದು ನಮ್ಮ ಯಜಮಾನರ ಕೈಗೆ ಒಂದು ಡಬ್ಬಿ ಎಣ್ಣೆ ಕೊಟ್ಟಿದ್ದರು. ಹೊಳೆಯುವ ತಗಡಿನ ಡಬ್ಬಿ. ಯಜಮಾನರು ಅದನ್ನು ಬಸ್ಸಿಗೆ ಹಾಕಲಿಲ್ಲ. ಮನೆಯ ಉಗ್ರಾಣದ ಮೇಲಿನ ಹಲಗೆಯಲ್ಲಿಟ್ಟು, "ಇದು ಪರದೇಸದ ಎಣ್ಣೆ. ಎಂಥಾ ಚಳಿಗೂ ಗಟ್ಟಿ ಆಗಾಕಿಲ್ಲ. ಈ ಮನೇಲಿ ಇದಕ್ಕಿಂತ ಬೆಲೆ ಬಾಳೋ ಎಣ್ಣೆ ಇನ್ನೊಂದಿಲ್ಲ" ಎಂದು ಹೆಂಡತಿಗೆ ಹೇಳಿದ್ದರು. ಇಂಜಿನ್ನಿನದು ಅನ್ನುವ ಒಂದು ಮಾತು ಮಾತ್ರ ಬಿಟ್ಟುಹೋಗಿತ್ತು.

ಆ ವರ್ಷ ಅವರ ಮಗಳ ಮದುವೆಯಾಯಿತು. ಅಳಿಯ ಮಾಲೂರಿನ ಕಡೆಯವನು, ಸರ್ಕಾರಿ ಗುಮಾಸ್ತ. ಒಳ್ಳೆಯ ಹುಡುಗ. ತಲೆಗೂದಲಿನ ವಿಷಯದಲ್ಲಿ ಮಾತ್ರ ಬಹಳ ಜಂಬ. ಹಣೆಯ ಮೇಲೆ ಅಲೆ ಏಳುವ ಹಾಗೆ ಕ್ರಾಪು ಬಾಚಿ, ಗಾಳಿ ಬಂದರೆ ಮೊದಲು ತಲೆ ಮುಟ್ಟಿಕೊಳ್ಳುವವನು. ಜೇಬಿನಲ್ಲಿ ಪೆನ್ನು ಮರೆತರೂ ಬಾಚಣಿಗೆ ಮರೆಯುತ್ತಿರಲಿಲ್ಲ.

ಮೊದಲ ದೀಪಾವಳಿಗೆ ಮಾವನ ಮನೆಗೆ ಬಂದ. ಹಬ್ಬದ ಬೆಳಿಗ್ಗೆ ಎಣ್ಣೆಸ್ನಾನ. ನಾನು ಬಸ್ಸಿನ ಬೀಗದ ಕೈಗೆಂದು ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ಸೀಸೆಯೊಳಗೆ ಬೆಣ್ಣೆಯ ಹಾಗೆ ಬಿಳಿಯಾಗಿ ಗಟ್ಟಿಯಾಗಿತ್ತು. ಯಜಮಾನರ ಹೆಂಡತಿಗೆ ಹೊಳೆಯಿತು: ಗಟ್ಟಿಯಾಗದ ಎಣ್ಣೆ ಇದೆ, ಮನೆಯಲ್ಲೇ ಬೆಲೆಬಾಳುವ ಎಣ್ಣೆ, ಮೊದಲ ಹಬ್ಬಕ್ಕೆ ಬಂದ ಅಳಿಯನಿಗಲ್ಲದೆ ಇನ್ಯಾರಿಗೆ? ಡಬ್ಬಿ ಇಳಿಸಿದರು. ಹಾಡು ಹೇಳಿಕೊಂಡು, ಧಾರಾಳವಾಗಿ, ಅಳಿಯನ ನೆತ್ತಿಯ ಮೇಲೆ ಸುರಿದು ತಟ್ಟಿದರು.

"ತಂಪಾಗಿದೆ ಅತ್ತೆ" ಎಂದ ಅಳಿಯ. ಪಾಪ.

ಆಮೇಲೆ ಬಚ್ಚಲುಮನೆಯಿಂದ ಒಂದೊಂದೇ ಕೂಗು. ಮೊದಲು ಸೀಗೆಪುಡಿ ಬೇಕೆಂದ. ಕೊಟ್ಟರು. ಇನ್ನೊಂದಿಷ್ಟು ಬೇಕೆಂದ. ಆಮೇಲೆ ಕಡಲೆಹಿಟ್ಟು. ಆಮೇಲೆ ಒಲೆಬೂದಿ. ಹಂಡೆಯ ನೀರು ಮುಗಿಯಿತು, ಮತ್ತೆ ಕಾಯಿಸಿದರು. ತಲೆ ಮಾತ್ರ ಮಳೆಯಲ್ಲಿ ನೆನೆದ ಎಮ್ಮೆಯ ಬೆನ್ನಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಅಲೆ ಹೋಗಿ, ಕೂದಲೆಲ್ಲ ಬುರುಡೆಗೆ ಅಂಟಿಕೊಂಡಿತ್ತು. ಯಜಮಾನರಿಗೆ ಆಗ ವಿಷಯ ಗೊತ್ತಾಯಿತು. ಹೆಂಡತಿಯನ್ನು ಬೈಯಲು ಬಾಯಿ ತೆರೆದವರು, ಅಳಿಯನ ಮುಂದೆ ಇಂಜಿನ್ ಎಣ್ಣೆ ಎನ್ನುವುದು ಹೇಗೆ? ಬಾಯಿ ಮುಚ್ಚಿಕೊಂಡು ಖಾಲಿ ಡಬ್ಬಿಯನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡಿದರು.

"ಅಳಿಯಂದ್ರೇ, ಒಳ್ಳೇ ಎಣ್ಣೆ. ಆರಾಕೆ ಒಸಿ ಒತ್ತಾಯ್ತದೆ" ಎಂದು ಸಮಾಧಾನ ಹೇಳಿದರು.

ಕಾಯಲು ವ್ಯವಧಾನವಿರಲಿಲ್ಲ. ಆಂಡರ್ಸನ್‌ಪೇಟೆಯಲ್ಲಿ ಯಜಮಾನರ ಅಕ್ಕ ಇದ್ದರು, ವಯಸ್ಸಾದವರು. ತಾಯಿಯಿಲ್ಲದ ತಮ್ಮನನ್ನು ಸಾಕಿದವರು ಅವರೇ. ಯಜಮಾನರು ಪ್ರಪಂಚದಲ್ಲಿ ಹೆದರುತ್ತಿದ್ದುದು ಅವರೊಬ್ಬರಿಗೆ ಮಾತ್ರ. ಕಾಲು ಮುರಿದುಕೊಂಡಿದ್ದರಿಂದ ಅವರಿಗೆ ಮದುವೆಗೆ ಬರಲಾಗಿರಲಿಲ್ಲ. ಹಬ್ಬದ ದಿನ ಅಳಿಯನನ್ನು ಕರೆತಂದು ತೋರಿಸಬೇಕೆಂದು ಅಪ್ಪಣೆಯಾಗಿತ್ತು. ಆದ್ದರಿಂದ ಎಲ್ಲರೂ ನಮ್ಮ ಬಸ್ಸಿನಲ್ಲೇ ಹೊರಟರು. ಅಳಿಯನಿಗೆ ಮರ್ಯಾದೆಯ ಜಾಗ: ಮುಂದಿನ ಸೀಟು, ಕಿಟಕಿಯ ಪಕ್ಕ. ತಲೆ ಬೇಗ ಆರಲಿ ಎಂದು ಅವನೇ ಕಿಟಕಿಯ ಹೊರಗೆ ತಲೆ ಇಟ್ಟುಕೊಂಡು ಕೂತ.

ರಾಬರ್ಟ್‌ಸನ್‌ಪೇಟೆ ದಾಟಿದ ಮೇಲೆ ಸೈನೈಡ್ ದಿಬ್ಬಗಳು. ಚಿನ್ನ ತೆಗೆದು ಉಳಿದ ಬಂಡೆಯ ಪುಡಿ, ಗುಡ್ಡ ಗುಡ್ಡವಾಗಿ ಬಿದ್ದಿರುವುದು. ಗಾಳಿ ಎದ್ದರೆ ಆ ಬೂದುಬಣ್ಣದ ಧೂಳು ಇಡೀ ಊರಿನ ಅನ್ನದ ತಟ್ಟೆಯ ಮೇಲೆ ಬೀಳುತ್ತದೆ. ಅವತ್ತು ಗಾಳಿ ಎದ್ದಿತು. ನಾವೆಲ್ಲ ಕಿಟಕಿ ಪರದೆ ಇಳಿಸಿದೆವು. ಅಳಿಯ ಮಾತ್ರ ಕಣ್ಣು ಮುಚ್ಚಿ ಗಾಳಿಗೆ ತಲೆ ಕೊಟ್ಟೇ ಕೂತಿದ್ದ. ಅವನ ತಲೆಯ ಮೇಲೆ ಬಿದ್ದ ಒಂದು ಕಣವೂ ಮತ್ತೆ ಹಾರಿಹೋಗಲಿಲ್ಲ. ಹುಬ್ಬಿಗೂ ಮೀಸೆಗೂ ಎಣ್ಣೆ ಇಳಿದಿತ್ತು, ಅಲ್ಲಿಯೂ ಕೂತಿತು. ಇಳಿಯುವ ಹೊತ್ತಿಗೆ ನಾನೇ ಅವನನ್ನು ನೋಡಿ "ಹುಷಾರಾಗಿ ಇಳೀರಿ ಅಜ್ಜಾ" ಎಂದು, ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಅಕ್ಕನವರು ಕೋಲೂರಿಕೊಂಡು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಳಿಯನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ತಮ್ಮನ ಕಡೆ ತಿರುಗಿದರು.

"ಬೀಗ್ರು ಬಂದವ್ರೆ, ಸಂತೋಸ. ಅಳಿಯ ಎಲ್ಲಲಾ?"

"ಇವ್ರೇ ಅಕ್ಕಾ ಅಳಿಯಂದ್ರು" ಎಂದರು ಯಜಮಾನರು, ನೆಲ ನೋಡುತ್ತ.

ಆರತಿ ತಟ್ಟೆ ಜಗುಲಿಯ ಮೇಲೆ ಕೂತಿತು. ಅಕ್ಕನವರು ಕೋಲು ಎತ್ತಿಕೊಂಡರು.

"ಥೂ ಜಿಪುಣ! ಖರ್ಚು ಉಳೀತದೆ ಅಂತ ಮಗೀನ ಮುದುಕನಿಗೆ ಕಟ್ಬಿಟ್ಟಾ? ನಾನ್ ಕಾಲ್ ಮುರ್ಕೊಂಡ್ ಮಲಗಿರೋದೇ ಕಾಯ್ತಿದ್ದಾ?"

"ಅಕ್ಕಾ, ಅದು ವಯಸ್ಸಲ್ಲ, ಎಣ್ಣೆ..."

"ಎಣ್ಣೆ ಹಚ್ಚಿದ್ರೆ ಮುದುಕ ಅಡಗ್ತಾನೇನ್ಲಾ?"

ಮಗಳು ಸೆರಗು ಬಾಯಿಗೆ ತುರುಕಿಕೊಂಡಳು, ಅಳುವುದಕ್ಕೋ ನಗುವುದಕ್ಕೋ ತಿಳಿಯಲಿಲ್ಲ. ಬೀದಿಯ ಜನ ಕೂಡಿದರು. ಅಳಿಯನಿಗೆ ಇನ್ನು ತಡೆಯಲಾಗಲಿಲ್ಲ. ಮುಂದೆ ಬಂದು, ಕೈ ಮುಗಿದು, "ಅಮ್ಮಾ, ನನಗಿನ್ನೂ ಇಪ್ಪತ್ತೈದು ತುಂಬಿಲ್ಲ" ಎಂದ. ಬೆಳಗಿನಿಂದ ಬಚ್ಚಲಲ್ಲಿ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಆ ಮಾತು ಎಂಬತ್ತರ ಮುದುಕನ ದನಿಯಲ್ಲೇ ಬಂತು.

ಅಕ್ಕನವರ ಸಿಟ್ಟು ಇಳಿದುಹೋಯಿತು. ಕೋಲು ಗೋಡೆಗಿಟ್ಟು, ಅವನ ಎರಡೂ ಕೈ ಹಿಡಿದುಕೊಂಡು, ಬಹಳ ಕನಿಕರದಿಂದ ಕೇಳಿದರು:

"ಓಗ್ಲಿ ಬಿಡಪ್ಪಾ, ನಿನ್ ತಪ್ಪೇನದೆ. ಮೊದಲ್ನೇ ಎಂಡ್ತಿ ತೀರ್ಕೊಂಡು ಎಷ್ಟ್ ವರ್ಸ ಆಯ್ತು?"